ನಾವು ಎದ್ದು ಬಂದ ಕೋಣೆ

ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನಲ್ಲಿ ನಮಗೆ ಸಿಕ್ಕಿದ್ದು ಎರಡನೇ ಮಹಡಿಯ ಮನೆ. ಎದುರು ಬಾಗಿಲಿನಲ್ಲಿ ಆಫ್ರಿಕಾದ ಹೆಂಗಸೊಬ್ಬರು ಒಂಟಿಯಾಗಿದ್ದರು. ವಯಸ್ಸು ಐವತ್ತೈದರ ಆಚೆ. ಮೊದಲ ತಿಂಗಳು ಅವರ ಹೆಜ್ಜೆ ಸದ್ದು ಕೇಳಿದರೆ ನಾನು ಚಿಲಕ ಹಾಕಿಕೊಳ್ಳುತ್ತಿದ್ದೆ. ಸುಳ್ಳು ಬರೆದು ಏನು ಪ್ರಯೋಜನ? ಅಲ್ಲಿಯವರ ಕಣ್ಣಿಗೆ ನಾನೇನು ಬೆಳ್ಳಗೆ ಕಂಡಿರಲಾರೆ. ಆದರೂ ಬೆಂಗಳೂರಿನಿಂದ ಉಪ್ಪಿನಕಾಯಿ ಜಾಡಿಯ ಜೊತೆ ಇಂಥದ್ದನ್ನೂ ಕಟ್ಟಿಕೊಂಡು ಹೋಗಿದ್ದೆ.

ಯಜಮಾನರು ಜರ್ಮನಿಯವರೇ ಕೊಡುವ ಗ್ರೀನ್ ಕಾರ್ಡ್ ಸಿಕ್ಕಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು. ನಾನು ಅವರ ಹಿಂದೆ ಬಂದವಳು, ಕೆಲಸ ಮಾಡಲು ನನಗೆ ಅನುಮತಿ ಇರಲಿಲ್ಲ. ಹದಿನೇಳಕ್ಕೇ ಅಪ್ಪನನ್ನು ಕಳೆದುಕೊಂಡು, ಚಿಕ್ಕಪೇಟೆಯಲ್ಲಿ ಸಗಟಿಗೆ ಬ್ಲೌಸ್ ಪೀಸ್ ಕೊಂಡು, ಚೀಲ ಹೊತ್ತು ಮನೆಮನೆ ತಿರುಗಿ ತಂಗಿಯರನ್ನು ಓದಿಸಿದವಳನ್ನು ಕಿಟಕಿಯ ಪಕ್ಕ ಸುಮ್ಮನೆ ಕೂರಿಸಿದರೆ ಏನಾದೀತು? ಶನಿವಾರ ಶನಿವಾರ ಫ್ಲೋಮಾರ್ಕ್ಟ್‌ಗೆ, ಅಂದರೆ ಹಳೆಯ ಸಾಮಾನಿನ ಸಂತೆಗೆ, ಓಡುತ್ತಿದ್ದೆ. ಹೊಸದಾಗಿ ಹೋಗುವವರಿಗೆ ಈಗಲೂ ಹೇಳುತ್ತೇನೆ: ಬೆಳಿಗ್ಗೆ ಹೋಗಬೇಡಿ. ಅವರು ಗಂಟು ಕಟ್ಟುವ ಹೊತ್ತಿಗೆ ಹೋಗಿ. ಬೇಕಾದ ವಸ್ತುವಿನ ಕಡೆ ನೋಡಬೇಡಿ, ಅದರ ಪಕ್ಕದ್ದನ್ನು ಎತ್ತಿ ತಿರುಗಿಸಿ.

ಒಂದು ಶನಿವಾರ ಹೊಲಿಗೆ ಯಂತ್ರವೊಂದಕ್ಕೆ ಮುದುಕನ ಜೊತೆ ಕೈಬೆರಳಲ್ಲೇ ಜಗ್ಗಾಡಿ, ಕೊನೆಗೆ "ಬೇಡ ಬಿಡಪ್ಪ" ಎಂದು ಕನ್ನಡದಲ್ಲೇ ಅಂದು ಹೊರಟುಬಿಟ್ಟೆ. ಆರು ಹೆಜ್ಜೆ ಇಟ್ಟಿರಬಹುದು. ಮುದುಕ ಕೂಗಿ ಕರೆದ. ನಾನು ಹೇಳಿದ ಬೆಲೆಗೇ ಕೊಟ್ಟ, ಮೇಲೆ ಒಂದು ಡಬ್ಬ ನೂಲಿನುಂಡೆ ಸೇರಿಸಿದ. ತಿರುಗಿ ನೋಡಿದರೆ ಎದುರು ಮನೆಯ ಹೆಂಗಸು ನಿಂತು ನಗುತ್ತಿದ್ದಾರೆ, ಕಣ್ಣಲ್ಲಿ ನೀರು ಬರುವಷ್ಟು. ಯಂತ್ರದ ಒಂದು ತುದಿಯನ್ನು ಅವರೇ ಹಿಡಿದುಕೊಂಡರು. ಮನೆಯವರೆಗೂ ನಗು ನಿಲ್ಲಲಿಲ್ಲ.

"ಹೊರಟೇಬಿಟ್ಯಲ್ಲ! ಅವನು ಕರೀದೇ ಹೋಗಿದ್ರೆ?"

"ಕರೀತಾನೆ. ಕರೀದೆ ಎಲ್ಲಿಗೆ ಹೋಗ್ತಾನೆ?" ಎಂದೆ, ನನ್ನ ಮುರುಕು ಜರ್ಮನ್‌ನಲ್ಲಿ.

ಅಂದಿನಿಂದ ಅವರನ್ನು ಅಕ್ಕ ಎಂದೆ. ಆ ಪದದ ಅರ್ಥ ಕೇಳಿ ತಿಳಿದುಕೊಂಡು, ಬಾಗಿಲು ತಟ್ಟುವಾಗ ತಾವೇ "ಅಕ್ಕ ಬಂದಿದೆ" ಎನ್ನುತ್ತಿದ್ದರು.

ಅಕ್ಕ ನಮೀಬಿಯಾದವರು. ಪೂರ್ವ ಜರ್ಮನಿ ಎನ್ನುವ ದೇಶ ಇದ್ದಾಗ ನರ್ಸಿಂಗ್ ಕಲಿಯಲು ಬಂದವರು. ಆ ದೇಶ ಹೋಯಿತು, ಇವರು ಉಳಿದರು. ಈಗ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ಜರ್ಮನ್ ಮುದುಕಿಯರಿಗೆ ಸ್ನಾನ ಮಾಡಿಸಿ ತಲೆ ಬಾಚುವ ಕೆಲಸ. ಊರಿನಲ್ಲಿ ತೊಂಬತ್ತು ದಾಟಿದ ತಾಯಿ. ಭಾನುವಾರ ಯಾರದೋ ಮನೆಯ ಫೋನಿನಲ್ಲಿ ತಾಯಿ ಸಿಗುತ್ತಿದ್ದರು. ಆ ತಾಯಿ ಮೊದಲು ಕೇಳುತ್ತಿದ್ದುದು ಒಂದೇ ಮಾತು. ಅವರ ಭಾಷೆ ನನಗೆ ಬಾರದಿದ್ದರೂ ಕೇಳಿ ಕೇಳಿ ಅದೊಂದರ ಅರ್ಥ ತಿಳಿದಿತ್ತು. "ಸಿಕ್ಕನಾ?"

ಯಾರು ಎಂದು ಕೇಳಲು ನನಗೆ ಒಂದು ವರ್ಷ ಬೇಕಾಯಿತು. ಅಕ್ಕ ಕಪಾಟಿನಿಂದ ದಪ್ಪ ಫೈಲು ತೆಗೆದು ಮೇಜಿನ ಮೇಲಿಟ್ಟರು. ಏಳು ವರ್ಷದ ಪತ್ರಗಳು.

ನೂರು ವರ್ಷದ ಹಿಂದೆ ಅವರ ನಾಡು ಜರ್ಮನರ ಕೈಯಲ್ಲಿತ್ತು. ಅಕ್ಕನ ಜನ, ಹೆರೆರೋ, ತಿರುಗಿಬಿದ್ದರು. ಅವರನ್ನು ಮರುಭೂಮಿಗೆ ಅಟ್ಟಿದರು. ಬದುಕಿ ಉಳಿದವರನ್ನು ಹಿಡಿದು ಶಿಬಿರಗಳಲ್ಲಿ ಕೂಡಿದರು. ಅಕ್ಕನ ಮುತ್ತಜ್ಜ, ಅಂದರೆ ಆ ತಾಯಿಯ ಅಜ್ಜ, ಸಮುದ್ರದ ದಡದ ಶಿಬಿರದಲ್ಲಿ ಸತ್ತ. ಅಲ್ಲಿ ಸತ್ತವರ ತಲೆಗಳನ್ನು ಅಳತೆ ತೆಗೆಯುವುದಕ್ಕೆಂದು ಜರ್ಮನಿಗೆ ಕಳಿಸುತ್ತಿದ್ದರು. ಕಳಿಸುವ ಮೊದಲು ಕುದಿಸಿ, ಗಾಜಿನ ಚೂರಿನಿಂದ ಮಾಂಸ ಕೆರೆದು ಶುಚಿ ಮಾಡಬೇಕು. ಆ ಕೆಲಸ ಶಿಬಿರದ ಹೆಂಗಸರದು.

"ಮುತ್ತಜ್ಜಿ ಮಾಡಿದ್ದಾಳೆ" ಎಂದರು ಅಕ್ಕ.

"ಅವರಿಗೆ... ಗೊತ್ತಾಯ್ತಾ, ಯಾರದು ಅಂತ?"

"ಗೊತ್ತಾಯ್ತು. ಎಡ ಹುಬ್ಬಿನ ಮೇಲೆ ಎತ್ತಿನ ಕೊಂಬು ತಗುಲಿದ ಗುಳಿ ಇತ್ತು. ಮೂಳೆವರೆಗೂ ಇಳಿದಿತ್ತು. ಮುತ್ತಜ್ಜಿ ಅಮ್ಮನಿಗೆ ಹೇಳಿದಳು, ಅಮ್ಮ ನಮಗೆ. ಹುಬ್ಬು ಮುಟ್ಟಿ ತೋರಿಸಿ ಹೇಳ್ತಿದ್ದಳು, ಮರೀಬಾರದು ಅಂತ."

ಆ ತಾಯಿಗೆ ಇದ್ದದ್ದು ಒಂದೇ ಆಸೆ. ತಾನು ಹೋಗುವುದರೊಳಗೆ ಅಜ್ಜನನ್ನು ಊರಿಗೆ ತಂದು ಮಣ್ಣು ಮಾಡಬೇಕು. ಕೊನೆಯ ಪಕ್ಷ ಎಲ್ಲಿದ್ದಾನೆಂದು ತಿಳಿಯಬೇಕು. ಯಾರೋ ಪುಣ್ಯಾತ್ಮ ವಿದ್ಯಾರ್ಥಿ ಅಕ್ಕನಿಗೆ ಹಳೆಯ ಪಟ್ಟಿಯೊಂದರ ಹಾಳೆ ನಕಲು ಮಾಡಿ ಕಳಿಸಿದ್ದ. ರೈಲಿನಲ್ಲಿ ಎರಡೂವರೆ ಗಂಟೆ ದೂರದ ಒಂದು ಊರು, ಅಲ್ಲಿ ಒಂದು ಹಳೆಯ ಸಂಗ್ರಹ. ಆ ಶಿಬಿರದಿಂದ ಬಂದ ಗಂಡಸರ ತಲೆಗಳು ಮೂರು. ಹೆಸರಿಲ್ಲ, ನಂಬರು ಮಾತ್ರ. ಅಕ್ಕ ಬರೆದ ಪ್ರತಿ ಪತ್ರಕ್ಕೂ ಉತ್ತರ ಬಂದಿತ್ತು, ಚೆಂದದ ಕಾಗದದಲ್ಲಿ: ತಮ್ಮ ಆಸಕ್ತಿಗಾಗಿ ಧನ್ಯವಾದಗಳು.

"ನಮ್ಮವರು ಜರ್ಮನ್ ಸರ್ಕಾರಕ್ಕೆ ನಷ್ಟ ಕಟ್ಟಿಕೊಡಿ ಅಂತ ಕೇಳ್ತಿದ್ದಾರೆ. ಕೋರ್ಟು, ಭಾಷಣ. ಕೇಳಲಿ, ಕೇಳಲೇಬೇಕು" ಎಂದರು ಅಕ್ಕ. "ಇವರ ಭಾಷೇಲಿ ಅದಕ್ಕೆ ಮತ್ತೆ ಒಳ್ಳೇದು ಮಾಡೋದು ಅಂತಾರೆ. ನಿಮ್ಮಲ್ಲಿ ಏನಂತೀರಿ?"

ಹೇಳಿದೆ. ಬಸ್ಸು ಗುದ್ದಿದರೆ ಸರ್ಕಾರ ಕೊಡುವುದೂ ಪರಿಹಾರ, ಶನಿ ಕಾಡಿದರೆ ಪುರೋಹಿತರು ಹೇಳುವುದೂ ಪರಿಹಾರ.

"ಗ್ರಹ ಕಾಟ ಕೊಟ್ರೆ ಗ್ರಹವೇ ನಿಮಗೆ ಕೊಡುತ್ತಾ?"

"ಇಲ್ಲ ಅಕ್ಕ, ನಾವೇ ಅದಕ್ಕೆ ಕೊಡಬೇಕು."

"ಹಾಗಾದ್ರೆ ನಮ್ಮದೂ ಶನೀನೇ" ಎಂದು ನಕ್ಕರು. ನಕ್ಕು ಫೈಲು ಮುಚ್ಚಿದರು.

ನನಗೆ ಮೈ ಉರಿಯಿತು. ಏಳು ವರ್ಷ ಪತ್ರ ಬರೆಯುವುದೆಂದರೇನು? ಪತ್ರಕ್ಕೆ ಪತ್ರ ಬರುತ್ತದೆ, ವಸ್ತು ಬರುವುದಿಲ್ಲ. ಕಚೇರಿಯಿಂದ ಏನಾದರೂ ಬೇಕಾದರೆ ಮುಖ ತೋರಿಸಬೇಕು, ದನಿ ಕೇಳಿಸಬೇಕು. "ಪ್ರತಿ ಮಂಗಳವಾರ ಹತ್ತು ಗಂಟೆಗೆ ಫೋನ್ ಮಾಡಿ ಅಕ್ಕ. ಜಗಳ ಬೇಡ. ಹೋದ ವಾರ ಮಾತಾಡಿದವಳು ನಾನೇ ಅನ್ನಿ, ಅಷ್ಟೇ. ಹತ್ತು ಮಂಗಳವಾರ ಆದ ಮೇಲೆ ನಿಮ್ಮ ಫೋನ್ ಬರದಿದ್ರೆ ಅವರಿಗೇ ಏನೋ ಕಳಕೊಂಡ ಹಾಗಾಗುತ್ತೆ." ಅಕ್ಕ ಹಾಗೇ ಮಾಡಿದರು. ಹದಿನಾಲ್ಕನೇ ಮಂಗಳವಾರ ಟರ್ಮೀನ್ ಸಿಕ್ಕಿತು. ಭೇಟಿಗೆ ದಿನ, ಗಂಟೆ, ಕೋಣೆಯ ನಂಬರು. ಅಕ್ಕ ಮೆಟ್ಟಿಲಲ್ಲೇ ನನ್ನನ್ನು ಎತ್ತಿ ತಿರುಗಿಸಿದರು. ಏಳು ವರ್ಷದಲ್ಲಿ ಆಗದ್ದು ನನ್ನ ಬುದ್ಧಿಯಿಂದ ಮೂರು ತಿಂಗಳಲ್ಲಿ ಆಯಿತಲ್ಲ ಎಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂದಾದದ್ದಕ್ಕೆಲ್ಲ ಬೀಜ ಆ ಹೆಮ್ಮೆಯೇ.

"ನೀನೂ ಬಾ" ಎಂದರು ಅಕ್ಕ. "ನಾನು ಒಬ್ಬಳೇ ಕೂತರೆ ಡಾಂಕೆ ಡಾಂಕೆ ಅಂತ ಥ್ಯಾಂಕ್ಸ್ ಹೇಳಿ ಎದ್ದು ಬಂದುಬಿಡ್ತೀನಿ."

ಯಜಮಾನರು ಬೇಡವೆಂದರು. "ನಮ್ಮದು ಐದು ವರ್ಷದ ಕಾಗದ ಕಣೇ. ಕಂಪನೀಲಿ ದಿನಾ ಯಾರನ್ನೋ ಮನೆಗೆ ಕಳಿಸ್ತಿದ್ದಾರೆ. ಇಂಥ ಟೈಮಲ್ಲಿ ನೀನು ಹೋಗಿ ಜರ್ಮನ್ ಆಫೀಸರ್ ಹತ್ರ ಚೌಕಾಸಿ ಮಾಡ್ತೀಯಾ? ಕೊತ್ತಂಬರಿ ಸೊಪ್ಪು ಅನ್ಕೊಂಡಿದ್ಯಾ?"

"ಕೊತ್ತಂಬರಿ ಸೊಪ್ಪಲ್ಲ ಅಂತ್ಲೇ ನಾನು ಹೋಗ್ಬೇಕು. ನೀವಾದ್ರೆ ಕರಿಬೇವನ್ನೂ ದುಡ್ಡು ಕೊಟ್ಟು ತರ್ತೀರಿ."

ಶುಕ್ರವಾರ ಬೆಳಿಗ್ಗೆ ಹೊರಟೆವು. ರೈಲಿನಿಂದ ಸ್ಪಾರ್ಗೆಲ್ ಎಂಬ ಬಿಳಿ ತರಕಾರಿಯ ಹೊಲಗಳು ಕಾಣುತ್ತಿದ್ದವು, ಬದುಗಳ ಮೇಲೆಲ್ಲ ಬಿಳಿ ಪ್ಲಾಸ್ಟಿಕ್ ಹೊದಿಸಿ. ಅಕ್ಕ ಕಪ್ಪು ಉಡುಪು ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ಚೀಲದಲ್ಲಿ ತಾಯಿ ಕಳಿಸಿದ ಒಂದು ಬಟ್ಟೆ, ಮಡಚಿದ್ದು. ಅದೇಕೆಂದು ಕೇಳಿದೆ. "ಸುಮ್ಮನೆ. ಮುಟ್ಟೋಕೆ ಬಿಟ್ರೆ, ಬರಿಗೈಯಲ್ಲಿ ಮುಟ್ಟಬಾರದು." ನಾನು ದಾರಿಯುದ್ದಕ್ಕೂ ಪಾಠ ಹೇಳಿದೆ. ಮೊದಲು ಅವರು ಏನು ಕೊಟ್ಟರೂ ಒಪ್ಪಬೇಡಿ, ಮೊದಲನೆಯದು ಯಾವತ್ತೂ ಕಮ್ಮಿಯೇ ಇರುತ್ತೆ. ಕಣ್ಣಲ್ಲಿ ಆಸೆ ತೋರಿಸಬೇಡಿ. ನಾನು ಕೈ ಹಿಡಿದರೆ ಏಳಿ. ಅಕ್ಕ ಎಲ್ಲಕ್ಕೂ ತಲೆಯಾಡಿಸಿದರು, ಸ್ಕೂಲು ಹುಡುಗಿಯ ಹಾಗೆ.

ಆ ಸಂಗ್ರಹದ ಅಧಿಕಾರಿ ನಲವತ್ತರ ಮನುಷ್ಯ, ಸೌಮ್ಯ. ಕಾಫಿ ತರಿಸಿದ, ಬಿಸ್ಕತ್ತಿನ ತಟ್ಟೆ ನಮ್ಮ ಕಡೆ ಸರಿಸಿದ. ತಿರುಗಿ ಕೊಡುವುದು ತನ್ನ ಕೈಯಲ್ಲಿಲ್ಲ, ಅದು ಎರಡು ಸರ್ಕಾರಗಳ ನಡುವಿನ ಮಾತು ಎಂದು ಬಹಳ ಹೊತ್ತು ವಿವರಿಸಿದ. ಅರ್ಧ ನನಗೆ ಅರ್ಥವಾಯಿತು, ಅರ್ಧ ಅವನ ಮುಖದಿಂದ ಓದಿದೆ. ಆಮೇಲೆ ಸ್ವಲ್ಪ ಮುಂದೆ ಬಾಗಿ, ದನಿ ಇಳಿಸಿ, ಇವತ್ತು ತಾನು ಮಾಡಬಹುದಾದದ್ದು ಇಷ್ಟು ಎಂದ. ಒಂದು ಬೆಸಿಶ್ಟಿಗುಂಗ್. ಅರ್ಧ ಗಂಟೆ.

ಆ ಪದ ನನಗೆ ಚೆನ್ನಾಗಿ ಗೊತ್ತಿತ್ತು. ಜರ್ಮನಿಯಲ್ಲಿ ಮನೆ ಹುಡುಕಿದ ಯಾರಿಗೆ ಅದು ಗೊತ್ತಿಲ್ಲ! ಬಾಡಿಗೆ ಮನೆ ನೋಡಲು ಬಿಡುವುದಕ್ಕೆ ಬೆಸಿಶ್ಟಿಗುಂಗ್ ಎನ್ನುತ್ತಾರೆ. ಇಪ್ಪತ್ತು ಮಂದಿ ಮೆಟ್ಟಿಲ ಮೇಲೆ ಸಾಲು ನಿಂತು, ಅಡುಗೆಮನೆ ಬಚ್ಚಲುಮನೆ ಇಣುಕಿ, ಅರ್ಜಿ ತುಂಬಿ ಬರುವುದು. ಮನೆ ಸಿಗುವುದು ಇನ್ಯಾರಿಗೋ. ನಾವು ಅಂಥ ಹನ್ನೊಂದು ಬೆಸಿಶ್ಟಿಗುಂಗ್ ಮಾಡಿದ ಮೇಲೆ ರೋಟ್‌ನ ಮನೆ ಸಿಕ್ಕಿದ್ದು. ನನ್ನ ಲೆಕ್ಕದಲ್ಲಿ ಆ ಪದಕ್ಕೆ ಬೆಲೆಯೇ ಇರಲಿಲ್ಲ. ಅಂಗಡಿಯವನು ಸೀರೆ ಬಿಚ್ಚಿ ಹಾಸಿ "ನೋಡೋಕೆ ಏನಕ್ಕಾ, ನೋಡಿ" ಅಂದ ಹಾಗೆ. ಓಹೋ, ಏಳು ವರ್ಷ ಕಾಯಿಸಿ ಬರೀ ನೋಡಿ ಹೋಗಿ ಎನ್ನುತ್ತಾನೆ, ಇದು ಇವನ ಮೊದಲ ಬೆಲೆ ಎಂದುಕೊಂಡೆ.

ಅಕ್ಕನ ಬಾಯಿ ತೆರೆದಿತ್ತು. ಕೈ ಚೀಲದೊಳಗೆ ಹೋಗಿತ್ತು. ನಾನು ಆ ಕೈ ಹಿಡಿದೆ.

"ನಮಗೆ ಬೆಸಿಶ್ಟಿಗುಂಗ್ ಬೇಡ" ಎಂದೆ, ನನ್ನ ಜರ್ಮನ್‌ನಲ್ಲಿ, ಗಟ್ಟಿಯಾಗಿ. "ನಮಗೆ ಮನೆಗೆ ಬೇಕು." ಫೈಲು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದೆ.

ಅಕ್ಕ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ನಿಧಾನವಾಗಿ ಎದ್ದರು.

ಅವನೂ ಎದ್ದ. ಮೇಜು ಸುತ್ತಿ ಬಂದು ಬಾಗಿಲು ತೆರೆದು ಹಿಡಿದ. "ಶಾಡೆ" ಎಂದ. ಅಯ್ಯೋ ಪಾಪ, ಹೀಗಾಗಬಾರದಿತ್ತು ಅನ್ನುವ ಮಾತು ಅದು. ಇಬ್ಬರ ಕೈಯನ್ನೂ ಕುಲುಕಿದ.

ಕಾರಿಡಾರಿನಲ್ಲಿ ನಾನು ಹೆಜ್ಜೆ ಎಣಿಸುತ್ತಾ ಹೋದೆ. ಆರು. ಹತ್ತು. ಹಿಂದೆ ಬಾಗಿಲು ಮೆತ್ತಗೆ ಮುಚ್ಚಿಕೊಂಡ ಸದ್ದಾಯಿತು. ಮೆಟ್ಟಿಲಿಳಿದು ನೆಲಮಟ್ಟಕ್ಕೆ ಬಂದೆವು. ಮೆಟ್ಟಿಲು ಅಲ್ಲಿಗೆ ನಿಂತಿರಲಿಲ್ಲ, ಇನ್ನೂ ಕೆಳಗೆ ಹೋಗುತ್ತಿತ್ತು. ಕೊನೆಯಲ್ಲಿ ಬೂದು ಬಣ್ಣದ ಕಬ್ಬಿಣದ ಬಾಗಿಲು. ಅಕ್ಕ ಕಂಬಿ ಹಿಡಿದು ನಿಂತುಬಿಟ್ಟರು.

"ಇಲ್ಲೇ ಕೆಳಗಿದ್ದಾನೆ" ಎಂದರು.

"ತಿರುಗಿ ನೋಡ್ಬೇಡಿ ಅಕ್ಕ" ಎಂದೆ ನಾನು. "ನೋಡಿದ್ರೆ ನಮ್ಮ ಬೆಲೆ ಬಿತ್ತು."

ಈ ಮಾತನ್ನು ಬರೆಯದೆ ಬಿಡಬಹುದಿತ್ತು. ಆದರೆ ನಾನು ಅಂದದ್ದು ಅದೇ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗಲೂ ನನಗೆ ನಂಬಿಕೆ ಇತ್ತು. ಸೋಮವಾರ ಅವನೇ ಫೋನ್ ಮಾಡುತ್ತಾನೆ, ನೋಡ್ತಾ ಇರಿ ಎಂದೆ. ಅಕ್ಕ ತಾಯಿಯ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮಡಿಕೆ ಸರಿಮಾಡುತ್ತಿದ್ದರು.

"ಮೂರನ್ನೂ ಮೇಜಿನ ಮೇಲೆ ಇಡ್ತೀನಿ ಅಂದ, ಕೇಳಿಸ್ತಾ ನಿನಗೆ?"

ಕೇಳಿಸಿರಲಿಲ್ಲ.

"ನೋಡಿದ್ರೆ ಗೊತ್ತಾಗ್ತಿತ್ತು. ಹುಬ್ಬು ನೋಡಿದ್ರೆ ಸಾಕಿತ್ತು. ಭಾನುವಾರ ಅಮ್ಮನಿಗೆ ಹೇಳ್ತಿದ್ದೆ, ಸಿಕ್ಕ ಅಂತ."

"ಮತ್ತೆ ಯಾಕೆ ಎದ್ರಿ ಅಕ್ಕ? ಕೂತ್ಕೊಳ್ಳೇ ಅಂತ ನನಗೆ ಅನ್ನಬಾರದಿತ್ತಾ?"

"ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ನನ್ನ ಪರವಾಗಿ ಎದ್ದು ನಿಂತವಳು ನೀನೊಬ್ಬಳು. ನೀನು ಎದ್ದಾಗ ನಾನು ಕೂತಿರೋದು ಹೇಗೆ?"

ಸ್ಟೇಷನ್ನಿನ ಫೋನಿಗೆ ಓಡಿದೆವು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಕಚೇರಿ ಮುಚ್ಚಿದೆ ಎಂದು ಯಂತ್ರದ ದನಿ ಹೇಳಿತು. ಸೋಮವಾರ ಮಾಡಿದರೆ ಆತ ರಜೆಯ ಮೇಲೆ. ಮೂರು ವಾರದ ಮೇಲೆ ಚೆಂದದ ಕಾಗದದಲ್ಲಿ ಪತ್ರ ಬಂತು. ನೀಡಲಾದ ಬೆಸಿಶ್ಟಿಗುಂಗ್ ಅನ್ನು ಅರ್ಜಿದಾರರು ನಿರಾಕರಿಸಿ ನಿರ್ಗಮಿಸಿದ್ದರಿಂದ ವಿಷಯ ಮುಕ್ತಾಯವಾಗಿದೆ. ನೆಲಮಾಳಿಗೆಯ ದುರಸ್ತಿಗಾಗಿ ಸಂಗ್ರಹವನ್ನು ಮುಚ್ಚಲಾಗಿದೆ. ಮುಂದೆ ಬೇಕಾದಲ್ಲಿ ಹೊಸದಾಗಿ ಲಿಖಿತ ಮನವಿ ಸಲ್ಲಿಸಬಹುದು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮಾತಿಗೆ ಮಾತು ಹೇಳಿ ಅತ್ತು ಹಗುರಾಗುತ್ತಿದ್ದೆ. ಪತ್ರವನ್ನು ತೂತು ಮಾಡಿ ಫೈಲಿಗೆ ಸೇರಿಸಿ, ಅಂದೇ ಹೊಸ ಮನವಿ ಬರೆದರು. ಮುಂಚಿನಂತೆ ಉಪ್ಪು ಕೇಳಲು ಬಂದರು, ಬ್ಲೌಸಿನಂಥ ಅವರ ಮೇಲಂಗಿಗೆ ಗುಂಡಿ ಹಾಕಿಸಿಕೊಂಡರು. ಆದರೆ ಅಂದಿನಿಂದ ಯಾವುದಕ್ಕೂ ನನ್ನ ಸಲಹೆ ಕೇಳಲಿಲ್ಲ.

ಯಜಮಾನರು ಮಾತ್ರ ಒಮ್ಮೆ ಅಂದರು, ಬೈಯುವ ದನಿಯಲ್ಲೂ ಅಲ್ಲ: "ಎದ್ದು ಹೊರಟ್ರೆ ಅಂಗಡಿಯವನು ಕರೆಯೋದು ಯಾಕೆ ಹೇಳು? ಅವನಿಗೆ ಮಾರಬೇಕಿರುತ್ತೆ. ಇವನಿಗೆ ನಿಮ್ಮಿಂದ ಏನು ಬೇಕಿತ್ತು?"

ಎಲ್ಲರಿಗೂ ವ್ಯಾಪಾರ ಹೇಳಿಕೊಡುವ ನನಗೆ ಈ ಮೊದಲ ಅಕ್ಷರ ಹೊಳೆದಿರಲಿಲ್ಲ. ಅವನಿಗೆ ನಮ್ಮಿಂದ ಬೇಕಾದದ್ದು ಏನೂ ಇರಲಿಲ್ಲ. ನಾವು ಎದ್ದು ಹೋದದ್ದೇ ಆ ಕಚೇರಿಗೆ ಅನುಕೂಲವಾಯಿತು. ಇನ್ನೂ ಒಂದು ಮಾತು ಹೊಳೆಯಲು ನನಗೆ ಹೆಚ್ಚು ದಿನ ಬೇಕಾಯಿತು. ಅಕ್ಕ ಅಲ್ಲಿಗೆ ಕೊಳ್ಳಲು ಹೋದವರಲ್ಲ. ತಮ್ಮ ಮನೆಯವನನ್ನು ಕರೆದುಕೊಂಡು ಬರಲು ಹೋದವರು. ಅವನ ಮೇಲೆ ಬೆಲೆಯ ಮಾತು ತಂದು ಕೂರಿಸಿದ್ದು ನಾನು. ನೂರು ವರ್ಷದ ಹಿಂದೆ ಅವನಿಗೆ ನಂಬರು ಬರೆದವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ ಎಂದು ಕೇಳುವ ಧೈರ್ಯ ನನಗಿಲ್ಲ.

ಒಂದು ದಿನ ಯಾರಿಗೂ ಹೇಳದೆ ಒಬ್ಬಳೇ ಆ ಊರಿಗೆ ಹೋದೆ. ಬೇಡಿ ಅಭ್ಯಾಸವಿಲ್ಲದವಳು, ಬೇಡಿದೆ. ತಪ್ಪು ನನ್ನದು, ಅವರದಲ್ಲ, ಆ ಪದ ನನಗೆ ಸರಿಯಾಗಿ ಗೊತ್ತಿರಲಿಲ್ಲ ಎಂದು ಬಾಗಿಲ ಬಳಿಯ ಮೇಜಿನ ಹೆಂಗಸಿಗೆ ಹೇಳಿದೆ. ಆಕೆ ನೀರು ಕೊಟ್ಟಳು. ಕುಟುಂಬದವರು ಮಾತ್ರ ಮಾತಾಡಬಹುದು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು.

"ತಂಗಿ" ಎಂದೆ.

ಆಕೆ ನನ್ನ ಮುಖ ನೋಡಿದಳು, ಹಣೆಯ ಕುಂಕುಮ ನೋಡಿದಳು. ಕಾಗದ ಕೇಳಲಿಲ್ಲ, ಅದು ಅವಳ ದೊಡ್ಡತನ. ದುರಸ್ತಿ ಮುಗಿಯಲು ಒಂದು ವರ್ಷವಾಗಬಹುದು ಎಂದು ಮಾತ್ರ ಹೇಳಿದಳು.

ತಾಯಿ ಕಾಯಲಿಲ್ಲ. ಚಳಿ ಹಿಡಿಯುವ ಮೊದಲೇ ಸುದ್ದಿ ಬಂತು. ಅಕ್ಕ ವೃದ್ಧಾಶ್ರಮದಲ್ಲಿ ಕೆಲಸದಲ್ಲಿದ್ದರು, ಯಾರದೋ ತಲೆ ಬಾಚುತ್ತಿದ್ದರಂತೆ, ಬಾಚಿ ಮುಗಿಸಿ ಜಡೆ ಕಟ್ಟಿ ಬಂದರು. ವಿಮಾನಕ್ಕೆ ಹೋಗುವಾಗ ಚೀಲದಲ್ಲಿ ಆ ಬಟ್ಟೆಯೂ ಇತ್ತು, ಮಡಿಕೆ ಕದಲದೆ.

ಮೂರು ವಾರದ ಮೇಲೆ ತಿರುಗಿ ಬಂದರು. ನಾನು ಅನ್ನ ಸಾರು ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದೆ. ಅಕ್ಕ ಕೋಟು ಕೂಡ ಬಿಚ್ಚದೆ ಮೇಜಿನ ಮುಂದೆ ಕೂತಿದ್ದರು. ಕೊನೆಗೆ ತಾಯಿ ಏನಾದರೂ ಅಂದರಾ ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ.

"ಕೇಳಿದ್ದೇ ಕೇಳ್ತಿದ್ದಳಂತೆ. ಊರಲ್ಲಿರೋ ನಮ್ಮಣ್ಣ, 'ಸಿಕ್ಕ' ಅಂತ ಸುಳ್ಳು ಹೇಳೋಕೆ ಹೋದನಂತೆ. ಹುಬ್ಬು ಎಲ್ಲಿ ತೋರಿಸು ಅಂದಳಂತೆ."

ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು.

"ಎರಡು ಗುಂಡಿ ತೋಡಿಸಿದ್ದಳು ನಮ್ಮಮ್ಮ. ತನಗೆ ಒಂದು. ಪಕ್ಕದಲ್ಲಿ ಒಂದು, ಇಷ್ಟು." ಎರಡು ಅಂಗೈ ಎದುರುಬದುರು ಹಿಡಿದು ಅಳತೆ ತೋರಿಸಿದರು. ಅಷ್ಟು ಅಗಲಕ್ಕೆ ಏನು ಹಿಡಿಸುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಅದರಲ್ಲಿ ಏನಿಟ್ರಿ, ಅಕ್ಕ?"

"ಏನೂ ಇಲ್ಲ. ಅಮ್ಮನ್ನ ಇಟ್ಟ ಮೇಲೂ ಸಂಜೆವರೆಗೆ ತೆರೆದೇ ಬಿಟ್ಟಿದ್ವಿ. ಆಮೇಲೆ, ಕರು ಕಾಲು ಹಾಕೀತು ಅಂತ ಅಣ್ಣ ಮಣ್ಣು ಎಳೆದ."